ಅರ್ಕಾವತಿಯ ನೀರು ಎಲ್ಲಿ ಹೋಯಿತು? ನದೀ ಕಣಿವೆಯ ನೀರಿನ ಲೆಕ್ಕದ ಒಂದು ಪಾಠ

ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ನದಿಯು ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರಗಳ ಮೂಲಕ ಹಾಯ್ದು ಸಂಗಮದ ಬಳಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು ನಗರಕ್ಕೆ ಮೊತ್ತಮೊದಲು ಕೊಳಾಯಿ ನೀರು ಬಂದದ್ದು ಈ ನದಿಯಿಂದಲೇ. 1896ರಲ್ಲಿ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನೀರು ಹರಿಯಿತು. ಅದು ಸಾಲದಾದಾಗ, ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಕೂಡುವಲ್ಲಿ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಕಟ್ಟಲಾಯಿತು. 1974ರಲ್ಲಿ ಕಾವೇರಿ ನೀರು ಬರುವವರೆಗೆ ನಗರದ ಬಾಯಾರಿಕೆಯನ್ನು ಹೆಚ್ಚಾಗಿ ನೀಗಿಸಿದ್ದು ಈ ಜಲಾಶಯವೇ.

1970ರ ದಶಕದಿಂದೀಚೆಗೆ ಈ ಜಲಾಶಯಕ್ಕೆ ಬರುವ ನೀರು ಇಳಿಯುತ್ತಾ ಬಂದಿತು. ಮೇಲಿನ ಹಳ್ಳಿಗಳಲ್ಲಿ ಕೆರೆಗಳು ಕೋಡಿ ಬೀಳುವುದು ಅಪರೂಪವಾಯಿತು. ಬೇಸಿಗೆಯಲ್ಲಿಯೂ ಹಳ್ಳದ ಮರಳು ಬಗೆದರೆ ಸಿಗುತ್ತಿದ್ದ ಒರತೆ ನಿಂತುಹೋಯಿತು. ಕಾರಣ ಕೇಳಿದರೆ ಹಳ್ಳಿಯಲ್ಲಿಯೂ ಕಛೇರಿಯಲ್ಲಿಯೂ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಮೊದಲಿನಂತೆ ಮಳೆ ಆಗುತ್ತಿಲ್ಲ." ಈ ಉತ್ತರ ಸರಿಯೇ? ಸರಿಯಲ್ಲದಿದ್ದರೆ ಅದನ್ನು ತಿಳಿಯುವ ಬಗೆ ಹೇಗೆ? ನದೀ ಕಣಿವೆಯ ಗಣಿತ ಮಾದರಿ ಎಂಬುದು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಾಧನ. ಅಣೆಕಟ್ಟು ಎಷ್ಟು ಎತ್ತರವಿರಬೇಕು, ಯಾವ ರಾಜ್ಯಕ್ಕೆ ಎಷ್ಟು ನೀರು, ಯಾವ ಹಳ್ಳಕ್ಕೆ ತಡೆಯೊಡ್ಡು ಎಂಬ ತೀರ್ಮಾನಗಳೆಲ್ಲ ಇಂದು ಇಂಥ ಲೆಕ್ಕಗಳ ಮೇಲೆ ನಿಂತಿವೆ. ಆದ್ದರಿಂದ ರೈತ ಬಾಂಧವರೂ ವಿಸ್ತರಣಾ ಕಾರ್ಯಕರ್ತರೂ ಈ ಲೆಕ್ಕದ ಒಳಗುಟ್ಟನ್ನು ಸ್ವಲ್ಪ ಅರಿತಿರುವುದು ಒಳ್ಳೆಯದು.

ಗಣಿತ ಮಾದರಿ ಎಂದರೇನು?

ಹೆಸರು ದೊಡ್ಡದಾದರೂ ವಿಷಯ ಸರಳ. ಮನೆಯ ಆದಾಯ-ವೆಚ್ಚದ ಲೆಕ್ಕದಂತೆ ಇದು ಕಣಿವೆಯ ನೀರಿನ ಆದಾಯ-ವೆಚ್ಚದ ಲೆಕ್ಕ. ಆದಾಯ ಒಂದೇ, ಅದು ಮಳೆ. ವೆಚ್ಚದ ಬಾಬುಗಳು ಹಲವು. ಬಿದ್ದ ಮಳೆಯಲ್ಲಿ ಒಂದು ಪಾಲು ಮಣ್ಣಿನಿಂದ ಆವಿಯಾಗುತ್ತದೆ. ಇನ್ನೊಂದು ಪಾಲನ್ನು ಬೆಳೆ, ಹುಲ್ಲು, ಮರಗಳು ಬೇರಿನಿಂದ ಹೀರಿ ಎಲೆಯ ಮೂಲಕ ಗಾಳಿಗೆ ಬಿಡುತ್ತವೆ. ಇವೆರಡನ್ನೂ ಕೂಡಿಸಿ ಬಾಷ್ಪವಿಸರ್ಜನೆ ಎನ್ನುತ್ತಾರೆ. ಮತ್ತೊಂದು ಪಾಲು ಇಂಗಿ ಅಂತರ್ಜಲವನ್ನು ಸೇರುತ್ತದೆ. ಇಷ್ಟೆಲ್ಲ ಕಳೆದು ಉಳಿದದ್ದು ಹಳ್ಳ, ಕೆರೆ, ನದಿಗಳಲ್ಲಿ ಹರಿಯುತ್ತದೆ. ಇಂಗಿದ ನೀರಿನಲ್ಲಿಯೂ ಒಂದಷ್ಟು ಕೆಳಗಿನ ತಗ್ಗಿನಲ್ಲಿ ಒರತೆಯಾಗಿ ಹೊರಬಂದು ಮತ್ತೆ ನದಿಗೇ ಸೇರುತ್ತದೆ.

ಈ ಹಂಚಿಕೆಯನ್ನು ದಿನದಿನಕ್ಕೆ, ಕಣಿವೆಯ ತುಂಡು ತುಂಡಿಗೆ ಲೆಕ್ಕ ಹಾಕುವ ಸೂತ್ರಗಳ ಕಟ್ಟೇ ಗಣಿತ ಮಾದರಿ. ಜಪಾನಿನ ವಿಜ್ಞಾನಿ ಮಸಾಮಿ ಸುಗಾವಾರ ಎಂಬವರು ರೂಪಿಸಿದ 'ಟ್ಯಾಂಕ್ ಮಾದರಿ'ಯನ್ನು ಕಣ್ಣ ಮುಂದೆ ತಂದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದರ ಕೆಳಗೊಂದರಂತೆ ನಾಲ್ಕು ಹಂಡೆಗಳನ್ನು ತೂಗುಹಾಕಲಾಗಿದೆ ಎಂದು ಭಾವಿಸಿ. ಪ್ರತಿ ಹಂಡೆಯ ಪಕ್ಕದಲ್ಲಿ ಒಂದು ತೂತು, ಕೊನೆಯದರ ಹೊರತು ಉಳಿದವುಗಳ ತಳದಲ್ಲಿಯೂ ಒಂದು ತೂತು. ಮೇಲಿನ ಹಂಡೆಗೆ ಮಳೆ ಸುರಿಯುತ್ತದೆ. ಪಕ್ಕದ ತೂತಿನಿಂದ ಬಂದದ್ದು ನದಿಗೆ, ತಳದ ತೂತಿನಿಂದ ಇಳಿದದ್ದು ಕೆಳಗಿನ ಹಂಡೆಗೆ. ಮೇಲಿನ ಹಂಡೆಯಿಂದ ಬರುವುದು ಮಳೆ ಬಂದ ಗಳಿಗೆಯಲ್ಲಿಯೇ ನುಗ್ಗುವ ಕೆಂಪು ನೀರು. ಕೆಳಗಿನ ಹಂಡೆಗಳಿಂದ ಬರುವುದು ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸಣ್ಣಗೆ ಜಿನುಗುವ ತಿಳಿನೀರು. ಹಿರಿಯರು "ಹಳ್ಳ ಬೇಸಿಗೆಯಲ್ಲೂ ಹರಿಯುತ್ತಿತ್ತು" ಎನ್ನುವುದು ಈ ಕೆಳಹಂಡೆಯ ನೀರನ್ನೇ.

ಇಲ್ಲಿ ಒಂದು ಅಂಶವನ್ನು ಗಮನದಲ್ಲಿಡಬೇಕು. ಪಕ್ಕದ ತೂತು ತಳದಿಂದ ಸ್ವಲ್ಪ ಮೇಲಿರುತ್ತದೆ. ನೀರಿನ ಮಟ್ಟ ತೂತಿಗಿಂತ ಮೇಲಿದ್ದರೆ ಮಾತ್ರ ನದಿಗೆ ನೀರು. ಮಟ್ಟ ತೂತಿಗಿಂತ ಕೆಳಗಿಳಿದರೆ ಹಂಡೆಯಲ್ಲಿ ನೀರಿದ್ದರೂ ನದಿಗೆ ಒಂದು ಹನಿಯೂ ಬಾರದು.

ತೂತುಗಳ ಗಾತ್ರ ಎಷ್ಟು, ಎತ್ತರ ಎಷ್ಟು ಎಂಬುದನ್ನು ಯಾರೂ ನೆಲ ಅಗೆದು ನೋಡಿ ಹೇಳಲಾರರು. ಹಿಂದಿನ ಕೆಲವು ವರ್ಷಗಳ ಮಳೆಯ ದಾಖಲೆಯನ್ನು ಮಾದರಿಗೆ ಉಣಿಸಿ, ಅದರಿಂದ ಬರುವ ಹರಿವು ಆ ವರ್ಷಗಳಲ್ಲಿ ನಿಜವಾಗಿ ಅಳೆದ ಹರಿವಿಗೆ ಹೊಂದುವವರೆಗೆ ತೂತುಗಳನ್ನು ಹಿಗ್ಗಿಸಿ ಕುಗ್ಗಿಸಿ ಸರಿಮಾಡುತ್ತಾರೆ. ಹಳೆಯ ದಾಖಲೆಗೆ ಹೊಂದಿದ ಮಾದರಿ ಮುಂದಿನ ವರ್ಷಗಳಿಗೂ ಹೊಂದೀತೆಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಡೆಯುತ್ತದೆ. ಭೂಮಿಯ ಬಳಕೆ ಹೆಚ್ಚು ಬದಲಾಗದ ನಾಡಿನಲ್ಲಿ ಈ ನಂಬಿಕೆಗೆ ಆಧಾರವಿದೆ. ನಲವತ್ತು ವರ್ಷಗಳಲ್ಲಿ ಕಪಿಲೆ ಬಾವಿಯಿಂದ ಸಾವಿರ ಅಡಿ ಕೊಳವೆ ಬಾವಿಗೆ ಬಂದ ನಾಡಿನಲ್ಲಿ ಅದು ಎಷ್ಟರಮಟ್ಟಿಗೆ ಸರಿ?

ಒಂದೇ ಮಳೆ, ಬೇರೆ ಬೇರೆ ಹರಿವು

ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಎಂಬುದನ್ನು ಅಂದಾಜು ಮಾಡಲು ಹಲವು ಮಾದರಿಗಳಲ್ಲಿ 'ಕರ್ವ್ ನಂಬರ್' ಎಂಬ ಕ್ರಮವನ್ನು ಬಳಸುತ್ತಾರೆ. ಇದು ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯು 1950ರ ದಶಕದಲ್ಲಿ ಅಲ್ಲಿನ ಸಣ್ಣ ಜಲಾನಯನಗಳ ಅಳತೆಯಿಂದ ರೂಪಿಸಿದ್ದು. ಮಣ್ಣಿನ ಜಾತಿ, ಬೆಳೆ, ಉಳುಮೆಯ ರೀತಿಗಳನ್ನು ನೋಡಿ ಭೂಮಿಗೆ ನೂರರೊಳಗಿನ ಒಂದು ಅಂಕಿ ಕೊಡುತ್ತಾರೆ. ಅಂಕಿ ಹೆಚ್ಚಿದಷ್ಟೂ ಹರಿನೀರು ಹೆಚ್ಚು. ಸಿಮೆಂಟು ಅಂಗಳದ ಅಂಕಿ ನೂರರ ಸಮೀಪ, ಸಡಿಲವಾದ ಕೆಂಪು ಮಣ್ಣಿನದು ಬಹಳ ಕಡಿಮೆ.

ಉದಾಹರಣೆಗೆ, ಉತ್ತ ಕೆಂಪು ಮಣ್ಣಿನ ಹೊಲವೊಂದಕ್ಕೆ 65 ಎಂಬ ಅಂಕಿ ಕೊಡಲಾಗಿದೆ ಎನ್ನೋಣ. ಒಂದೇ ದಿನ 50 ಮಿ.ಮೀ. ಮಳೆ ಬಂದರೆ ಸೂತ್ರದಂತೆ ಅಲ್ಲಿಂದ ಹರಿದುಹೋಗುವುದು ಸುಮಾರು 3 ಮಿ.ಮೀ. ಮಾತ್ರ. ಅಂಕಿ 80 ಇರುವ ಕಪ್ಪು ಮಣ್ಣಿನಲ್ಲಿ ಅದೇ ಮಳೆಗೆ ಸುಮಾರು 14 ಮಿ.ಮೀ. ಹರಿಯುತ್ತದೆ. ಇನ್ನೂ ಗಮನಾರ್ಹ ಸಂಗತಿಯೆಂದರೆ, ಅದೇ ಕೆಂಪು ಮಣ್ಣಿನ ಹೊಲ ಹಿಂದಿನ ಐದು ದಿನಗಳ ಮಳೆಯಿಂದ ನೆನೆದಿದ್ದರೆ ಅದರ ಅಂಕಿ 82ಕ್ಕೆ ಏರುತ್ತದೆ. ಆಗ ಹರಿಯುವುದು ಸುಮಾರು 16 ಮಿ.ಮೀ. ಅದೇ ಹೊಲ, ಅದೇ ಮಳೆ, ಹರಿವು ಮಾತ್ರ ಐದು ಪಟ್ಟು. ಮಣ್ಣು ಮೊದಲೇ ಒಣಗಿತ್ತೋ ನೆನೆದಿತ್ತೋ ಎಂಬುದರ ಮೇಲೆ ಕೆರೆ ತುಂಬುವುದೂ ಬಿಡುವುದೂ ನಿಂತಿದೆ. ಮಣ್ಣನ್ನು ಆಳದವರೆಗೆ ಒಣಗಿಸುವ ಯಾವುದೇ ಬದಲಾವಣೆ ಮಳೆ ಕಡಿಮೆಯಾಗದಿದ್ದರೂ ಹರಿವನ್ನು ಕಡಿಮೆ ಮಾಡಬಲ್ಲುದು ಎಂಬುದಕ್ಕೆ ಈ ಸಣ್ಣ ಲೆಕ್ಕವೇ ಸಾಕ್ಷಿ. ಅಮೆರಿಕದ ಹೊಲಗಳಿಂದ ಬಂದ ಈ ಅಂಕಿಗಳನ್ನು ಸ್ಥಳೀಯ ಅಳತೆಯೊಡನೆ ತಾಳೆ ನೋಡದೆ ಹಾಗೆಯೇ ಬಳಸುವುದು ಕಣ್ಣು ಮುಚ್ಚಿ ಬಿತ್ತನೆ ಮಾಡಿದಂತೆ.

ಮಳೆಯ ಅಳತೆಯಲ್ಲಿಯೂ ತೊಡಕಿದೆ. ಸಮತಟ್ಟು ಪ್ರದೇಶದಲ್ಲಿ ಸುಮಾರು 520 ಚದರ ಕಿಲೋಮೀಟರಿಗೆ ಒಂದು ಮಳೆಮಾಪಕ ಎಂಬುದು ಭಾರತೀಯ ಮಾನಕದ ಹಳೆಯ ಸೂಚನೆ. ಆ ಮಾಪಕದ ಬಾಯಿಯೋ ಕೇವಲ 200 ಚದರ ಸೆಂಟಿಮೀಟರು. ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥ ಮಳೆ ಬೀಳುವ ಬಯಲುಸೀಮೆಯಲ್ಲಿ ಇದು ಏನೇನೂ ಸಾಲದು. ಈಚೆಗೆ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಸ್ವಯಂಚಾಲಿತ ಮಳೆಮಾಪಕಗಳು ಬಂದಿರುವುದು ದೊಡ್ಡ ಅನುಕೂಲ. ಆದರೆ ಸಣ್ಣ ನದಿಗಳಲ್ಲಿ ಹರಿವನ್ನು ದಿನವೂ ಅಳೆಯುವ ಕಟ್ಟೆಗಳು ಇಂದಿಗೂ ವಿರಳ.

ಐದು ಸಂಶಯಗಳು

ಅರ್ಕಾವತಿಯ ಪ್ರಶ್ನೆಯನ್ನು ಬೆಂಗಳೂರಿನ ಅಶೋಕ ಪರಿಸರ ಸಂಶೋಧನಾ ಸಂಸ್ಥೆಯ, ಅಂದರೆ 'ಏಟ್ರೀ'ಯ, ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ಕೈಗೆತ್ತಿಕೊಂಡು 2015ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಹಿಡಿದ ದಾರಿ ಅನುಕರಣೀಯ. ದೊಡ್ಡ ಮಾದರಿಯೊಂದನ್ನು ಮೊದಲೇ ಕಟ್ಟಿ ಅದಕ್ಕೆ ಸಾಲದ ಅಂಕಿಗಳನ್ನು ಊಹೆಯಿಂದ ತುಂಬುವ ಬದಲು, ಪತ್ತೇದಾರರಂತೆ ಸಂಶಯಗಳ ಪಟ್ಟಿ ಮಾಡಿ ಒಂದೊಂದನ್ನೇ ಪರೀಕ್ಷಿಸಿದರು. ಸಂಶಯಗಳು ಐದು: ಮಳೆಯ ಪ್ರಮಾಣ, ಹಂಗಾಮು ಅಥವಾ ರಭಸ ಬದಲಾಗಿರಬಹುದು. ಉಷ್ಣತೆ ಏರಿ ಹೆಚ್ಚು ನೀರು ಆವಿಯಾಗುತ್ತಿರಬಹುದು. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದರಿಂದ ಆಗಿರಬಹುದು. ನೀಲಗಿರಿ ತೋಪುಗಳು ಹಬ್ಬಿದ್ದರಿಂದ ಆಗಿರಬಹುದು. ಇಲ್ಲವೇ ತಡೆಯೊಡ್ಡು ಮುಂತಾದ ಅಡೆತಡೆಗಳು ಹಳ್ಳಗಳನ್ನು ತುಂಡರಿಸಿರಬಹುದು.

ಜಲಾಶಯದ ಒಳಹರಿವು ಇಳಿದುದಕ್ಕೆ ಮಳೆ ಮತ್ತು ಉಷ್ಣತೆಯ ಬದಲಾವಣೆಗಿಂತ ಅಂತರ್ಜಲ ಎತ್ತುವಿಕೆ ಮತ್ತು ನೀಲಗಿರಿಯೇ ಕಾರಣವಾಗಿರುವ ಸಂಭವ ಬಹಳ ಹೆಚ್ಚು, ಹಳ್ಳಗಳ ಅಡೆತಡೆಗಳ ಪಾಲೂ ಇದೆ ಆದರೆ ಅವೆರಡಕ್ಕಿಂತ ಕಡಿಮೆ ಎಂಬುದು ಅವರ ನಿರ್ಣಯ. "ಮಳೆ ಕಡಿಮೆಯಾಯಿತು" ಎಂಬ ಸುಲಭದ ಉತ್ತರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಅಂತರ್ಜಲಕ್ಕೂ ನದಿಗೂ ಇರುವ ಸಂಬಂಧವನ್ನು ಹಂಡೆಯ ಮಾದರಿಯಿಂದಲೇ ನೋಡಬಹುದು. ಈ ಸೀಮೆಯ ನೆಲ ಗಟ್ಟಿ ಕಲ್ಲಿನದು. ಮೇಲ್ಪದರದಲ್ಲಿ ಕಲ್ಲು ಶಿಥಿಲವಾಗಿ ಮೊರಮಾಗಿದೆ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು. ತೆರೆದ ಬಾವಿಗಳಲ್ಲಿ ಕೆಲವೇ ಮಾರು ಹಗ್ಗಕ್ಕೆ ನೀರು ಸಿಗುತ್ತಿದ್ದ ಕಾಲದಲ್ಲಿ ಮೊರಮಿನ ಪದರ ನೀರಿನಿಂದ ತುಂಬಿರುತ್ತಿತ್ತು. ಅದರ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದುದರಿಂದ ಪಕ್ಕದ ತೂತಿನಿಂದೆಂಬಂತೆ ಹಳ್ಳಕ್ಕೆ ನೀರು ಜಿನುಗುತ್ತಿತ್ತು. ವಿದ್ಯುತ್ ಪಂಪು, ಆಮೇಲೆ ಕೊಳವೆ ಬಾವಿ ಬಂದ ಮೇಲೆ ಈ ಮಟ್ಟ ಹಳ್ಳದ ತಳದಿಂದ ಬಹಳ ಕೆಳಗಿಳಿಯಿತು. ಈಗ ಲೆಕ್ಕ ತಿರುವುಮುರುವಾಗಿದೆ. ಹಿಂದೆ ನೆಲ ಹಳ್ಳಕ್ಕೆ ನೀರು ಕೊಡುತ್ತಿತ್ತು, ಈಗ ಹಳ್ಳದಲ್ಲಿ ಬಂದಷ್ಟನ್ನೂ ನೆಲವೇ ಕುಡಿಯುತ್ತದೆ. 1960ರ ದಾಖಲೆಯಿಂದ ಸರಿಮಾಡಿದ ಮಾದರಿಯಲ್ಲಿ ತೂತು ಇನ್ನೂ ಹರಿಯುತ್ತಲೇ ಇರುತ್ತದೆ. ಇಂಥ ಕಣಿವೆಗಳಲ್ಲಿ ಹಳೆಯ ಮಾದರಿಗಳು ನದಿಯಲ್ಲಿ ಇಲ್ಲದ ನೀರನ್ನು ಇದೆಯೆಂದು ತೋರಿಸುವುದು ಹೀಗೆ.

ನೀಲಗಿರಿಯ ವಿಷಯದಲ್ಲಿ ವಾದ-ವಿವಾದ ಬಹಳ ನಡೆದಿದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರ ಸೀಮೆಯ ರೈತರು ರಾಗಿ ಹೊಲಗಳಲ್ಲಿ ಇದನ್ನು ವ್ಯಾಪಕವಾಗಿ ನೆಟ್ಟರು. ಕೂಲಿಯಾಳಿನ ಅಭಾವ, ರಾಗಿಯ ಬೆಲೆ, ಸಸಿಗಳ ಸುಲಭ ಪೂರೈಕೆ ಇವೆಲ್ಲ ಅವರನ್ನು ಆ ಕಡೆ ತಳ್ಳಿದವು. ಆದ್ದರಿಂದ ತಪ್ಪನ್ನೆಲ್ಲ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅಳತೆ ಅಳತೆಯೇ. ಹೊಸಕೋಟೆಯ ಬಳಿ, ಅಂದರೆ ಪಕ್ಕದ ದಕ್ಷಿಣ ಪಿನಾಕಿನಿ ಕಣಿವೆಯಲ್ಲಿ, ಆಳವಾದ ಮಣ್ಣಿನಲ್ಲಿ ಬೆಳೆದ ಎಳೆಯ ನೀಲಗಿರಿ ತೋಪಿನ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮರಗಳು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂದಿತು. ಹೆಚ್ಚುವರಿ ನೀರು ಬಂದದ್ದು ಮಣ್ಣಿನಲ್ಲಿ ಹಿಂದಿನಿಂದ ಕೂಡಿಟ್ಟಿದ್ದ ತೇವದಿಂದ. ಬೇರು ಸುಮಾರು 8 ಮೀಟರಿನವರೆಗೆ ಇಳಿದು ಅದನ್ನು ಹೀರಿತ್ತು. ರಾಗಿ ನಾಲ್ಕು ತಿಂಗಳು ನೀರು ಬಳಸಿ ಕೊಯ್ಲಾಗುತ್ತದೆ, ಅದರ ಬೇರು ಮೇಲ್ಮಣ್ಣಿನಲ್ಲಿಯೇ ಇರುತ್ತದೆ. ನಿತ್ಯಹಸಿರಿನ ಮರ ಬೇಸಿಗೆಯಲ್ಲಿಯೂ ಕುಡಿಯುತ್ತದೆ. ಅಂಥ ಒಣಗಿದ ಮಣ್ಣಿನ ಮೇಲೆ ಮುಂಗಾರು ಬಿದ್ದಾಗ ಏನಾಗುತ್ತದೆಂಬುದಕ್ಕೆ ಮೇಲೆ ಕೊಟ್ಟ 3 ಮತ್ತು 16 ಮಿ.ಮೀ.ಗಳ ಲೆಕ್ಕವನ್ನು ನೆನೆಯಬಹುದು.

ತಡೆಯೊಡ್ಡು, ಕೃಷಿ ಹೊಂಡಗಳ ವಿಷಯದಲ್ಲಿ ಎಚ್ಚರದಿಂದ ಮಾತನಾಡಬೇಕು. ಹೊಲದ ಮಟ್ಟದಲ್ಲಿ ಅವುಗಳಿಂದ ಲಾಭವಿದೆ. ಮಣ್ಣಿನ ಕೊಚ್ಚಣೆ ತಪ್ಪುತ್ತದೆ, ಬರಗಾಲದಲ್ಲಿ ಒಂದು ಆಸರೆ ನೀರು ಕೊಡಲು ಸಾಧ್ಯವಾಗುತ್ತದೆ. ಆದರೆ ಅವು ಹೊಸ ನೀರನ್ನು ಹುಟ್ಟಿಸುವುದಿಲ್ಲ. ಮೇಲಿನ ಹಳ್ಳಿಯ ಹೊಂಡದಲ್ಲಿ ನಿಂತ ನೀರು ಕೆಳಗಿನ ಹಳ್ಳಿಯ ಕೆರೆಗೆ ಬರಬೇಕಾಗಿದ್ದ ನೀರೇ. ಸಮುದ್ರಕ್ಕೆ ಹೇರಳವಾಗಿ ಹರಿಯುವ ಕಣಿವೆಯಲ್ಲಿ ಇದು ಯಾರಿಗೂ ನಷ್ಟವಲ್ಲ. ಕೆರೆಗಳು ಸರಪಳಿಯಂತೆ ಒಂದರ ಕೋಡಿ ನೀರನ್ನು ಇನ್ನೊಂದು ನಂಬಿರುವ ಅರ್ಕಾವತಿಯಂಥ ಕಣಿವೆಯಲ್ಲಿ ಒಬ್ಬರ ಲಾಭ ಇನ್ನೊಬ್ಬರ ಖರ್ಚಿನಿಂದ ಬರುತ್ತದೆ.

ನದಿ ಎಂಬುದು ಕಳೆದು ಉಳಿದದ್ದು

ಕಣಿವೆಯಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯಾಗುತ್ತದೆ. ಅಷ್ಟು ಮಳೆ ಇದ್ದೂ ನದಿ ಪೂರ್ತಿ ಬತ್ತುವುದು ಹೇಗೆ ಎಂಬ ಸಂಶಯ ಸಹಜ. ಇದಕ್ಕೆ ಉತ್ತರ ಕೂಡು-ಕಳೆಯುವ ಲೆಕ್ಕದಲ್ಲಿಯೇ ಇದೆ.

ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಸುಮಾರು 1,450 ಚದರ ಕಿಲೋಮೀಟರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಈ ನೀರನ್ನು ಇಡೀ ಜಲಾನಯನದ ಮೇಲೆ ಹರಡಿದರೆ ಸುಮಾರು 20 ಮಿ.ಮೀ. ಎತ್ತರವಾಗುತ್ತದೆ. ಜಲಾಶಯದ ಸಾಮರ್ಥ್ಯ 3 ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಎಂದರೆ 800 ಮಿ.ಮೀ. ಮಳೆಯಲ್ಲಿ 60 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಶೇಕಡ 8ರಷ್ಟು, ಹರಿದು ಬಂದರೆ ಜಲಾಶಯ ತುಂಬುತ್ತದೆ. ಉಳಿದ ಶೇಕಡ 92ರಲ್ಲಿ ಬಹುಪಾಲನ್ನು ಗಾಳಿ, ಬಿಸಿಲು, ಬೆಳೆ, ಮರಗಳು ಮೊದಲಿನಿಂದಲೂ ತೆಗೆದುಕೊಳ್ಳುತ್ತಲೇ ಇವೆ.

ಈಗ ಲೆಕ್ಕದ ಅನುಕೂಲಕ್ಕಾಗಿ ಜಲಾನಯನದ ಹತ್ತರಲ್ಲಿ ಒಂದು ಭಾಗ, ಸುಮಾರು 36,000 ಎಕರೆ, ಕೊಳವೆ ಬಾವಿಯ ನೀರಾವರಿಗೆ ಬಂದಿದೆ ಎಂದು ಇಟ್ಟುಕೊಳ್ಳೋಣ. ಮಳೆಯಾಶ್ರಿತ ರಾಗಿಗಿಂತ ಅಲ್ಲಿನ ಹಿಪ್ಪುನೇರಳೆ, ತರಕಾರಿ, ಹೂವಿನ ಬೆಳೆಗಳು ವರ್ಷಕ್ಕೆ 500 ಮಿ.ಮೀ. ಹೆಚ್ಚು ನೀರನ್ನು ಆವಿ ಮಾಡುತ್ತವೆ ಎನ್ನೋಣ. ಇಡೀ ಜಲಾನಯನಕ್ಕೆ ಹಂಚಿದರೆ ಇದು 50 ಮಿ.ಮೀ., ಅಂದರೆ ಎರಡೂವರೆ ಟಿ.ಎಂ.ಸಿ. ಇನ್ನೂ ಹತ್ತರಲ್ಲೊಂದು ಭಾಗದಲ್ಲಿ ನೀಲಗಿರಿ ರಾಗಿಗಿಂತ 200 ಮಿ.ಮೀ. ಹೆಚ್ಚು ಕುಡಿದರೆ ಮತ್ತೆ 20 ಮಿ.ಮೀ., ಒಂದು ಟಿ.ಎಂ.ಸಿ. ಇವೆರಡೇ ಸೇರಿ ಜಲಾಶಯದ ಅಷ್ಟೂ ನೀರನ್ನು ಮೀರುತ್ತವೆ. ಇವು ಉದಾಹರಣೆಯ ಅಂಕಿಗಳೇ ಹೊರತು ಅಳತೆಗಳಲ್ಲ. ಆದರೆ ಭೂಮಿಯ ಬಳಕೆಯಲ್ಲಿ ಸಾಧಾರಣವೆನಿಸುವ ಬದಲಾವಣೆಯೇ ನದಿಯನ್ನು ನುಂಗಲು ಸಾಕು ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ. ಮಾದರಿ ಕಟ್ಟುವವರಿಗೂ ಇದೇ ತೊಡಕು. ಬಾಷ್ಪವಿಸರ್ಜನೆಯ ಅಂದಾಜಿನಲ್ಲಿ ಶೇಕಡ 10ರ ತಪ್ಪು ನುಸುಳಿದರೂ ಆ ತಪ್ಪು ಇಡೀ ನದಿಯಷ್ಟು ದೊಡ್ಡದಾಗಬಹುದು.

ಅತಿವೃಷ್ಟಿಯಾದಾಗ ಈ ನದಿಯೂ ಮೈದುಂಬುತ್ತದೆ. 2022ರ ಆಗಸ್ಟ್ ತಿಂಗಳಲ್ಲಿ ರಾಮನಗರದ ಸೀಮೆಯಲ್ಲಿ ನೆರೆ ಬಂದು ಬೆಂಗಳೂರು-ಮೈಸೂರು ಹೆದ್ದಾರಿಯೇ ಜಲಾವೃತವಾಯಿತು. ಅದನ್ನು ಕಂಡು ನದಿ ಮರಳಿ ಬಂತೆಂದು ಹಿಗ್ಗುವಂತಿಲ್ಲ. ಅದು ಮೇಲಿನ ಹಂಡೆಯ ನೀರು. ಕೆಳಗಿನ ಹಂಡೆ ಒಂದು ವರ್ಷದ ನೆರೆಯಿಂದ ತುಂಬುವುದಿಲ್ಲ.

ಹಳೆಯ ದಾಖಲೆಗಳ ಮೇಲೆ ನಿಂತ ಹಂಚಿಕೆ

ಈ ವಿಷಯ ಒಂದು ಸಣ್ಣ ಉಪನದಿಗೆ ಮಾತ್ರ ಸೀಮಿತವಲ್ಲ. ಕೃಷ್ಣಾ ನದಿಯ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿಯು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವನ್ನು ಆಧಾರವಾಗಿಟ್ಟುಕೊಂಡು, ನೂರರಲ್ಲಿ 75 ವರ್ಷ ಖಚಿತವಾಗಿ ಸಿಗುವ ನೀರು 2,060 ಟಿ.ಎಂ.ಸಿ. ಎಂದು ನಿರ್ಧರಿಸಿತು. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನ 740 ಟಿ.ಎಂ.ಸಿ. ಅಂಕಿಗೆ ಆಧಾರವಾದದ್ದು 1934ರಿಂದ 1972ರವರೆಗಿನ ಹರಿವು. ಎರಡೂ ನದಿಗಳ ಈ ಲೆಕ್ಕದ ಪುಸ್ತಕ ಮುಚ್ಚಿದ್ದು 1972ರಲ್ಲಿ. ಕೊಳವೆ ಬಾವಿಗಳು ಹಳ್ಳಿ ಹಳ್ಳಿಗೆ ಹಬ್ಬಿದ್ದು ಆಮೇಲೆ. ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರ ತನ್ನ ತೀರ್ಪಿನಲ್ಲಿ 1961-62ರಿಂದ 2007-08ರವರೆಗಿನ 47 ವರ್ಷಗಳ ಹೊಸ ಸರಣಿಯನ್ನು ತೆಗೆದುಕೊಂಡಿತು. ಲೆಕ್ಕದ ಅವಧಿಯನ್ನು ಈಚಿನ ಕಾಲಕ್ಕೆ ತಂದದ್ದು ಮೆಚ್ಚತಕ್ಕ ಸಂಗತಿ.

ಅಂತರ್ಜಲವನ್ನು ನದಿಯ ಲೆಕ್ಕದಲ್ಲಿ ಸೇರಿಸಬೇಕೆ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಬಂದಿತು. 2018ರ ಫೆಬ್ರವರಿಯ ಕಾವೇರಿ ತೀರ್ಪಿನಲ್ಲಿ ನ್ಯಾಯಾಲಯವು ತಮಿಳುನಾಡಿನ ಅಂತರ್ಜಲದಲ್ಲಿ 10 ಟಿ.ಎಂ.ಸಿ.ಯನ್ನು ಗಣನೆಗೆ ತೆಗೆದುಕೊಂಡಿತು. ಬೆಂಗಳೂರಿನ ಅಗತ್ಯಕ್ಕೆಂದು 4.75 ಟಿ.ಎಂ.ಸಿ.ಯನ್ನೂ ಸೇರಿಸಿ ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ಬಾವಿಯ ನೀರು ಬೇರೆ, ಹೊಳೆಯ ನೀರು ಬೇರೆ ಎಂಬ ಹಳೆಯ ಎಣಿಕೆ ಸಡಿಲವಾಗತೊಡಗಿದೆ. ಒಮ್ಮೆ ಅಂತರ್ಜಲ ಲೆಕ್ಕಕ್ಕೆ ಬಂದರೆ ಅದನ್ನು ಅಳೆದವರ ಮಾತಿಗೆ ಬೆಲೆ, ಅಳೆಯದವರ ಮಾತಿಗೆ ಇಲ್ಲ.

ರೈತರು ಇಡಬಹುದಾದ ದಾಖಲೆ

ಮಾದರಿಗೆ ಸಾಮಾನ್ಯವಾಗಿ ಸಿಗದಿರುವ ಅಂಕಿಗಳೆಂದರೆ ಬಾವಿಯ ಮಟ್ಟ, ಪಂಪು ಮಾಡಿದ ನೀರು ಮತ್ತು ಊರಿನೊಳಗಿನ ಮಳೆ. ಈ ಮೂರೂ ರೈತನ ಕೈಯಳತೆಯಲ್ಲಿಯೇ ಇವೆ.

ಮಳೆ ಅಳೆಯಲು ದುಬಾರಿ ಸಲಕರಣೆ ಬೇಕಿಲ್ಲ. ಬಾಯಿಯೂ ತಳವೂ ಒಂದೇ ಅಗಲವಿರುವ, 16 ಸೆಂಟಿಮೀಟರು ವ್ಯಾಸದ ಡಬ್ಬವನ್ನು ಮರ, ಗೋಡೆಗಳಿಂದ ದೂರದಲ್ಲಿ ಬಯಲಿನಲ್ಲಿ ಅಲುಗದಂತೆ ನಿಲ್ಲಿಸಬೇಕು. ಬೆಳಿಗ್ಗೆ ಎಂಟೂವರೆಗೆ ಅದರಲ್ಲಿನ ನೀರನ್ನು ಔಷಧಿ ಅಳೆಯುವ ಲೋಟದಿಂದ ಅಳೆದರೆ ಪ್ರತಿ 20 ಮಿಲಿಲೀಟರಿಗೆ 1 ಮಿ.ಮೀ. ಮಳೆ ಎಂದು ತಿಳಿಯಬಹುದು. ಮಳೆ ಇಲ್ಲದ ದಿನ ಸೊನ್ನೆಯನ್ನೂ ತಪ್ಪದೆ ಬರೆಯಬೇಕು. ಖಾಲಿ ಬಿಟ್ಟ ದಿನ ಮಳೆ ಬಂದಿರಲಿಲ್ಲವೋ ಅಳೆಯಲು ಮರೆತದ್ದೋ ತಿಳಿಯದೆ ಇಡೀ ತಿಂಗಳ ದಾಖಲೆ ಕೆಡುತ್ತದೆ.

ಪಂಪಿನ ನೀರನ್ನು ಅಳೆಯಲು 200 ಲೀಟರಿನ ಡ್ರಮ್ಮು ಸಾಕು. ಅದು 100 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರು ಬರುತ್ತಿದೆ ಎಂದರ್ಥ. ದಿನಕ್ಕೆ ಆರು ಗಂಟೆ ಓಡಿಸಿದರೆ 43,200 ಲೀಟರು. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,050 ಲೀಟರಾದ್ದರಿಂದ, ಈ ಪಂಪು ಒಂದು ಎಕರೆಗೆ ದಿನಕ್ಕೆ ಹತ್ತೂವರೆ ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಸಿದಂತಾಯಿತು. ವರ್ಷದಲ್ಲಿ ಇಂಥ ನೂರು ದಿನ ನಡೆದರೆ 1,000 ಮಿ.ಮೀ. ದಾಟುತ್ತದೆ. ಆಕಾಶದಿಂದ ಬಿದ್ದದ್ದು 800! ಹಾಯಿಸಿದ ನೀರಿನಲ್ಲಿ ಒಂದು ಪಾಲು ಮರಳಿ ಇಂಗುತ್ತದೆಂಬುದು ನಿಜ, ಆದರೆ ಉಳಿದ ಪಾಲೇ ದೊಡ್ಡದು. ಹನಿ ನೀರಾವರಿ ಅಳವಡಿಸಿದವರೂ ಈ ಲೆಕ್ಕ ಹಾಕಬೇಕು. ಉಳಿಸಿದ ನೀರಿನಿಂದ ಇನ್ನೊಂದು ಎಕರೆ ನೆಟ್ಟರೆ ರೈತನಿಗೆ ಲಾಭವಾದೀತು, ಕಣಿವೆಗೆ ಉಳಿತಾಯವೇನೂ ಆಗದು.

ನೀರಿನ ಮಟ್ಟವನ್ನು ತೆರೆದ ಬಾವಿಯಲ್ಲಿ, ಇಲ್ಲವೇ ಪಂಪು ಇಳಿಸದೆ ಬಿಟ್ಟ ಕೊಳವೆ ಬಾವಿಯಲ್ಲಿ ಅಳೆಯುವುದು ಸುಲಭ. ಪಂಪು ಇರುವ ಬಾವಿಯೊಳಗೆ ಹಗ್ಗ ಇಳಿಸುವುದು ತರವಲ್ಲ, ಸಿಕ್ಕಿಕೊಂಡರೆ ನಷ್ಟ. ಸುತ್ತಲಿನ ಪಂಪುಗಳು ರಾತ್ರಿಯೆಲ್ಲ ನಿಂತಿದ್ದ ಬೆಳಗಿನ ಹೊತ್ತು, ತೂಕ ಕಟ್ಟಿದ ಹಗ್ಗ ಇಳಿಸಿ ನೆನೆದ ಗುರುತಿನಿಂದ ಬಾವಿಯ ಬಾಯಿಯವರೆಗೆ ಅಳೆಯಬೇಕು. ಪ್ರತಿ ಸಲವೂ ಬಾಯಿಯ ಅದೇ ಜಾಗದಿಂದ ಅಳತೆ ತೆಗೆಯಬೇಕು. ಅಳೆದ ಕೂಡಲೇ ಕೊಳವೆ ಬಾವಿಯ ಬಾಯಿಗೆ ಮುಚ್ಚಳ ಬಿಗಿಯುವುದನ್ನು ಮಾತ್ರ ಮರೆಯಬಾರದು. ಮಕ್ಕಳ ಜೀವದ ಪ್ರಶ್ನೆ ಅದು.

2020ರಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ, ಆಯ್ದ ಗ್ರಾಮ ಪಂಚಾಯಿತಿಗಳಲ್ಲಿ ಊರಿನವರೇ ಸೇರಿ ನೀರಿನ ಬಜೆಟ್ ತಯಾರಿಸುವ ಕ್ರಮ ನಡೆದಿತ್ತು. ಅಂಥ ಊರುಗಳಲ್ಲಿ ಅಂದಿನ ಪುಸ್ತಕಗಳನ್ನು ಮುಂದುವರಿಸಿದರೆ ಹೊಸದಾಗಿ ತೊಡಗುವ ಶ್ರಮ ತಪ್ಪುತ್ತದೆ. ಉಳಿದ ಊರುಗಳಲ್ಲಿ ವಿಸ್ತರಣಾ ಕಾರ್ಯಕರ್ತರು ಹಳ್ಳದ ಮೇಲ್ಭಾಗ, ನಡುಭಾಗ, ಕೆಳಭಾಗದಿಂದ ತಲಾ ಎರಡು ಬಾವಿಗಳನ್ನು ಆಯ್ದು, ಬರೆಯಲು ಒಪ್ಪುವ ಕುಟುಂಬಗಳಿಗೆ ಒಂದೊಂದು ಪುಸ್ತಕ ಕೊಡಬಹುದು. ಬರೆಯುವ ಹೊಣೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿದರೆ ದಾಖಲೆ ತಪ್ಪುವುದು ಕಡಿಮೆ. ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ: ಜನವರಿಯಲ್ಲಿ, ಮುಂಗಾರಿಗೆ ಮುಂಚೆ, ಆಗಸ್ಟ್‌ನಲ್ಲಿ ಮತ್ತು ನವೆಂಬರ್‌ನಲ್ಲಿ. ಊರಿನ ಅಳತೆಯೂ ಆ ತಿಂಗಳುಗಳಲ್ಲಿಯೇ ನಡೆದರೆ ಎರಡನ್ನೂ ಹೋಲಿಸಿ ನೋಡಬಹುದು. ಮೊದಲ ಅಳತೆಯನ್ನು ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ ತೆಗೆದುಕೊಳ್ಳುವುದು ಅನುಕೂಲ.